ಎರಡು ಮೈಕ್, ಒಂದು ಗಿಟಾರ್

ಎರಡನೇ ಮೈಕ್ ಕೈಗೆ ಬಂದ ಹುಮ್ಮಸ್ಸಿನಲ್ಲಿ ಒಂದನ್ನು ಹನ್ನೆರಡನೇ ಫ್ರೆಟ್ (ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿ) ಎದುರು, ಇನ್ನೊಂದನ್ನು ಬ್ರಿಡ್ಜ್ (ಒಡಲಿನ ಮೇಲೆ ತಂತಿ ಕಟ್ಟಿರುವ ಜಾಗ) ಎದುರು ಕಣ್ಣಂದಾಜಿನಲ್ಲಿ ನಿಲ್ಲಿಸಿ ರೆಕಾರ್ಡ್ ಮಾಡಿದ್ದೆ. ಹೆಡ್‌ಫೋನ್‌ನಲ್ಲಿ ಗಿಟಾರ್ ತಲೆಯ ಸುತ್ತ ಹರಡಿಕೊಂಡಿತ್ತು. ಅದನ್ನೇ ಒಂಟಿ ಸ್ಪೀಕರಿನ ಹಳೇ ಫೋನಿಗೆ ಹಾಕಿದರೆ ತಂತಿಯ ಕರಕರ ಬಿಟ್ಟು ಮರದ ದನಿಯೇ ಇಲ್ಲ!

ಕಾರಣ ಸರಳ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. ಒಂದು ಮೈಕ್ 17 ಸೆಂ.ಮೀ. ಹಿಂದಿದ್ದರೆ ಅದಕ್ಕೆ ಅರ್ಧ ಮಿಲಿಸೆಕೆಂಡ್ ತಡವಾಗಿ ಮುಟ್ಟುತ್ತದೆ. ಎರಡನ್ನೂ ಮೋನೋದಲ್ಲಿ, ಅಂದರೆ ಒಂದೇ ಚಾನೆಲ್ಲಿಗೆ, ಕೂಡಿಸಿದಾಗ ಒಂದರ ಅಲೆಯ ಏರು ಇನ್ನೊಂದರ ಇಳಿತಕ್ಕೆ ಸಿಕ್ಕಿ ಕೆಲವು ಕಂಪನಗಳು ಅಳಿಸಿಹೋಗುತ್ತವೆ: 1000 ಹರ್ಟ್ಸ್ ಹತ್ತಿರ ಒಂದು ಹಳ್ಳ, 3000ದಲ್ಲಿ ಇನ್ನೊಂದು, 5000ದಲ್ಲಿ ಮತ್ತೊಂದು. ಈ ಹಳ್ಳಗಳನ್ನು ಈಕ್ವಲೈಸರ್ (ಬೇಸ್, ಟ್ರೆಬಲ್ ಏರಿಳಿಸುವ ಸಾಧನ) ತುಂಬುವುದಿಲ್ಲ. ನಾನು ಒಂದು ರಾತ್ರಿಯಿಡೀ ತಿರುಗಿಸಿ ನೋಡಿದ್ದೇನೆ.

ಈಗ ಮೈಕ್ ಮುಟ್ಟುವ ಮೊದಲು ಒಂದು ಕಿವಿ ಮುಚ್ಚಿಕೊಂಡು ಗಿಟಾರಿನ ಮುಂದೆ ಮಂಡಿಯೂರುತ್ತೇನೆ. ನುಡಿಸುವವರಿಗೆ ನಗು ಬರುತ್ತದೆ, ಬರಲಿ. ಸೌಂಡ್‌ಹೋಲ್ (ಒಡಲಿನ ದುಂಡು ತೂತು) ಎದುರಿಗೆ ಬರೀ ಗುಂಯ್ ಎನ್ನುವ ಬೇಸ್. ಕತ್ತು ಒಡಲಿಗೆ ಸೇರುವ ಜಾಗದಿಂದ 30 ಸೆಂ.ಮೀ. ಆಸುಪಾಸಿನಲ್ಲಿ ಸಾಮಾನ್ಯವಾಗಿ ಹದ ಸಿಗುತ್ತದೆ.

ಅಲ್ಲಿ ಮೊದಲು ಎಕ್ಸ್-ವೈ ಎಂಬ ಜೋಡಣೆ ಇಡಿ. ಒಂದೇ ಮಾದರಿಯ ಎರಡು ಕಾರ್ಡಿಯಾಯ್ಡ್ (ಮುಖ್ಯವಾಗಿ ಮುಂದಿನ ದನಿ ಹಿಡಿಯುವ) ಮೈಕ್, ತಲೆಗಳು ಒಂದರ ಮೇಲೊಂದು, ನಡುವೆ 90 ಡಿಗ್ರಿ. ಬಲಕ್ಕೆ ನಿಂತಿರುವುದು ಎಡಕ್ಕೆ ಮುಖ ಮಾಡಿರುತ್ತದೆ, ಅದೇ ಎಡ ಚಾನೆಲ್. ಇಲ್ಲಿ ಎಡವದವರು ಕಡಿಮೆ. ಶಬ್ದ ಎರಡಕ್ಕೂ ಒಟ್ಟಿಗೇ ತಲುಪುವುದರಿಂದ ಮೋನೋದಲ್ಲೂ ಗಿಟಾರ್ ಗಟ್ಟಿ. ದನಿ ಎಡಬಲಕ್ಕೆ ಹರಡುವ ಅಗಲ ಮಾತ್ರ ಸ್ವಲ್ಪ ಕಡಿಮೆ.

ಫ್ರೆಂಚ್ ರೇಡಿಯೋದವರ ಓಆರ್‌ಟಿಎಫ್ ಜೋಡಣೆಯಲ್ಲಿ 17 ಸೆಂ.ಮೀ. ಅಂತರ, 110 ಡಿಗ್ರಿ ಕೋನ. ಕೋಣೆಯ ದನಿ ಚೆನ್ನಾಗಿದ್ದರೆ ಒಂದೆರಡು ಮೀಟರ್ ಹಿಂದೆ ಸರಿದು ಇಡಿ, ಇಲ್ಲದಿದ್ದರೆ ಬೇಡ.

ನನಗೆ ಒಗ್ಗಿದ್ದು ಮಿಡ್-ಸೈಡ್ ಎಂಬ ಜೋಡಣೆ. ಕಾರ್ಡಿಯಾಯ್ಡ್ ನೇರ ಗಿಟಾರಿಗೆ. ಅದಕ್ಕೆ ತಲೆ ತಾಗಿಸಿದಂತೆ ಒಂದು ಫಿಗರ್-ಏಟ್ (ಮುಂದೆ ಹಿಂದೆ ಎರಡೂ ಬದಿ ಹಿಡಿಯುವ) ಮೈಕನ್ನು ಅಡ್ಡ ತಿರುಗಿಸಿ, ಮುಂಬದಿ ಎಡಕ್ಕೆ. ಈ ಎರಡನೇ ಟ್ರ್ಯಾಕನ್ನು ನಕಲು ಮಾಡಿ. ಮೂಲವನ್ನು ಪೂರ್ತಿ ಎಡ ಚಾನೆಲ್ಲಿಗೆ ಕಳಿಸಿ (ಪ್ಯಾನ್ ಮಾಡಿ), ನಕಲಿನ ಪೊಲಾರಿಟಿ ತಿರುಗಿಸಿ, ಅಂದರೆ ಅಲೆಯನ್ನು ತಲೆಕೆಳಗು ಮಾಡಿ, ಪೂರ್ತಿ ಬಲಕ್ಕೆ. ಎರಡರ ಮಟ್ಟವೂ ಒಂದೇ ಇರಲಿ. ಮೋನೋ ಮಾಡಿದರೆ ಇವೆರಡೂ ಪರಸ್ಪರ ಅಳಿಸಿಹೋಗಿ ನೇರ ಮೈಕ್ ಮಾತ್ರ ಉಳಿಯುತ್ತದೆ. ಎಷ್ಟು ಅಗಲ ಬೇಕೆಂಬುದನ್ನು ಮರುದಿನ ನಿಧಾನವಾಗಿ ಕೂತು ಸೈಡ್‌ನ ಮಟ್ಟ ಏರಿಳಿಸಿ ತೀರ್ಮಾನಿಸಬಹುದು.

ಫ್ರೆಟ್‌ಗೊಂದು, ಬ್ರಿಡ್ಜ್‌ಗೊಂದು ಇಡಲೇಬೇಕೆಂಬ ಆಸೆ ಇದ್ದರೆ ಮೋನೋದಲ್ಲೇ ಕೇಳುತ್ತಾ ಒಂದನ್ನು ಎರಡೆರಡು ಸೆಂ.ಮೀ. ಸರಿಸಿ, ದನಿ ದಪ್ಪವಾದಲ್ಲಿ ನಿಲ್ಲಿಸಿ. ಆಮೇಲೆ ಕುರ್ಚಿಯ ನಾಲ್ಕೂ ಕಾಲಿನ ಜಾಗಕ್ಕೆ ನೆಲದ ಮೇಲೆ ಟೇಪ್ ಅಂಟಿಸಿ. ನೀರು ಕುಡಿಯಲು ಎದ್ದವರು ಅದೇ ಜಾಗಕ್ಕೆ ಮರಳಿ ಕೂತದ್ದನ್ನು ನಾನಂತೂ ಕಂಡಿಲ್ಲ.