ಮೊದಲ ಸಲ ಥೆರಪಿಗೆ ಹೋಗ್ತಿದೀರಾ? ‘ಟೆನ್ಶನ್’ ಅನ್ನೋ ಪದ ಮನೇಲೇ ಬಿಟ್ಟು ಹೋಗಿ

"ನಾನೂ ಹೋಗಿ ನೋಡ್ದೆ ಮಾರಾಯ್ರೆ, ಏನೂ ಆಗ್ಲಿಲ್ಲ." ಮುಂಬೈಯಲ್ಲಿ ನಮ್ಮ ಕನ್ನಡದವರ ಬಾಯಲ್ಲಿ ಥೆರಪಿ, ಅಂದ್ರೆ ಮನಸ್ಸಿನ ಕಷ್ಟಕ್ಕೆ ಮಾತಾಡಿಸಿ ಮಾಡೋ ಚಿಕಿತ್ಸೆ, ಇದರ ಬಗ್ಗೆ ನಾನು ಜಾಸ್ತಿ ಕೇಳಿರೋ ಮಾತು ಇದು. ಎಷ್ಟು ಸಲ ಹೋದ್ರಿ ಅಂದ್ರೆ ಒಂದು, ಹೆಚ್ಚಂದ್ರೆ ಎರಡು. ಮುಕ್ಕಾಲು ಗಂಟೆ ಕೂತು "ಟೆನ್ಶನ್ ಇದೆ ಮೇಡಂ, ನಿದ್ದೆ ಇಲ್ಲ" ಅಂತ ಹೇಳಿ, ಅವ್ರು ಏನಾದ್ರೂ ಉಪಾಯ ಹೇಳ್ತಾರೇನೋ ಅಂತ ಕಾದು, ಹೇಳ್ಲಿಲ್ಲ ಅಂತ ಬೇಜಾರಾಗಿ, ಡೊಂಬಿವಲಿ ಫಾಸ್ಟ್ ಹಿಡ್ಕೊಂಡು ವಾಪಸ್. ನಾನೂ ಮೊದಲ ಸಲ ಹಿಂಗೇ ಎಡವಿದ್ದು, ಅದಕ್ಕೇ ಇದನ್ನ ಬರೀತಿದೀನಿ.

ಥೆರಪಿಗೆ ಹೋಗೋಕೆ ಹುಚ್ಚು ಹಿಡಿದಿರ್ಬೇಕಾಗಿಲ್ಲ. ಊರಲ್ಲಿ ಅಮ್ಮ ಒಬ್ರೇ, ಇಲ್ಲಿ ಹೋಮ್ ಲೋನ್, ಮ್ಯಾನೇಜರ್ ಬದಲಾದಾಗಿಂದ ಭಾನುವಾರ ಸಂಜೆ ಆದ್ರೆ ಹೊಟ್ಟೆ ಕಿವುಚೋದು, ಒನ್ ರೂಮ್ ಕಿಚನ್‌ನಲ್ಲಿ ಐದು ಜನ ಇದ್ದು ಗಂಡ ಹೆಂಡ್ತಿ ಜಗಳ ಆಡೋಕೂ ಸ್ಟೇಷನ್‌ವರೆಗೆ ನಡ್ಕೊಂಡು ಹೋಗ್ಬೇಕಾದ ಪಾಡು, ಇಂಥದ್ದೇ ಸಾಕು. ಇಎಂಐ ಕಡಿಮೆ ಆಗಲ್ಲ, ಮ್ಯಾನೇಜರೂ ಅವನೇ ಇರ್ತಾನೆ. ಆದ್ರೆ ಆ ಭಾನುವಾರ ಸಂಜೆ ನಿಮಗೆ ವಾಪಸ್ ಸಿಗಬಹುದು, ನನಗೆ ಸಿಕ್ಕಿದೆ.

ಮೊದಲ್ನೇ ಕೆಲಸ, ಫ್ಯಾಮಿಲಿ ಡಾಕ್ಟರ್ ಹತ್ರ ಹೋಗಿ ಥೈರಾಯ್ಡ್, ಬಿ12, ಹಿಮೋಗ್ಲೋಬಿನ್ ನೋಡಿಸ್ಕೊಳ್ಳಿ. ಥೈರಾಯ್ಡ್ ಏರುಪೇರಾದ್ರೂ ಎದೆ ಹೊಡ್ಕೊಳ್ಳತ್ತೆ, ಮನಸ್ಸು ಮಂಕಾಗತ್ತೆ. ಎದೆನೋವಿದ್ರೆ ಇಸಿಜಿ. ಅಷ್ಟೇ.

ಎರಡ್ನೇದು, ಯಾರ ಹತ್ರ ಹೋಗೋದು. ಸೈಕಿಯಾಟ್ರಿಸ್ಟ್ ಅಂದ್ರೆ ಎಂಬಿಬಿಎಸ್ ಮುಗಿಸಿ ಮನೋವೈದ್ಯಶಾಸ್ತ್ರ ಓದಿದ ಡಾಕ್ಟ್ರು, ಮಾತ್ರೆ ಬರೆಯೋರು. ಮಾತಾಡಿಸಿ ಮಾಡೋ ಚಿಕಿತ್ಸೆ ಹೆಚ್ಚಾಗಿ ಸೈಕಾಲಜಿಸ್ಟ್ ಇಲ್ಲಾ ಕೌನ್ಸೆಲರ್‌ದು. ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಬೋರ್ಡ್ ಇದ್ರೆ ರಿಹ್ಯಾಬಿಲಿಟೇಶನ್ ಕೌನ್ಸಿಲ್ ಆಫ್ ಇಂಡಿಯಾದ ರಿಜಿಸ್ಟ್ರೇಷನ್ ನಂಬರ್ ಇರ್ಬೇಕು. ಕೇಳಿ. ಕೇಳಿದ್ದಕ್ಕೆ ಮುಖ ಊದಿಸಿಕೊಂಡ್ರೆ ಎದ್ದು ಬನ್ನಿ. ಲೈಫ್ ಕೋಚ್, ಹೀಲರ್ ಅಂತ ಹೇಳ್ಕೊಳ್ಳೋರ ಕಡೆ ತಲೆ ಹಾಕಿ ಮಲಗ್ಬೇಡಿ. ನಾನು ಒಬ್ಬನಿಗೆ ಹತ್ತು ಸೆಷನ್ ಪ್ಯಾಕೇಜ್ ದುಡ್ಡು ಮುಂಗಡ ಕೊಟ್ಟು ಕೂತೆ, ಎರಡನೇ ಸೆಷನ್‌ಗೇ ನನ್ನ ಬಾಲ್ಯದ ಗಾಯ ಪತ್ತೆ ಹಚ್ಚಿದ, ಮೂರನೇದಕ್ಕೆ ಹರಳಿನ ಬ್ರೇಸ್ಲೆಟ್ ಮಾರೋಕೆ ಬಂದ. ಮುಂಗಡ ಪ್ಯಾಕೇಜ್ ಯಾರು ಹೇಳಿದ್ರೂ ಬೇಡ ಅನ್ನಿ, ಒಂದೊಂದೇ ಸೆಷನ್‌ಗೆ ಕೊಡಿ. ರಾತ್ರಿ ಎರಡು ಗಂಟೆಗೆ ಚಾಟ್‌ಬಾಟ್ ಜೊತೆ ಹೇಳ್ಕೊಂಡು ಹಗುರ ಆಗೋರಿದ್ದಾರೆ, ಆಗ್ಲಿ, ಆದ್ರೆ ಅದು ನೀವಂದಿದ್ದಕ್ಕೆಲ್ಲ ಹೂಂಗುಟ್ಟತ್ತೆ, ಥೆರಪಿಸ್ಟ್‌ಗೆ ನೀವು ದುಡ್ಡು ಕೊಡೋದು ಹೂಂಗುಟ್ಟದೇ ಇರೋದಕ್ಕೆ.

ದುಡ್ಡಿನ ವಿಷಯ. ಮುಂಬೈಯಲ್ಲಿ ಪ್ರೈವೇಟ್ ಸೆಷನ್‌ಗೆ ಸಾಮಾನ್ಯವಾಗಿ 1,000ದಿಂದ 3,000 ರೂಪಾಯಿವರೆಗೂ ಹೋಗತ್ತೆ. ಫೀಸ್ ಕಡಿಮೆ ಮಾಡ್ತೀರಾ ಅಂತ ಬಾಯಿಬಿಟ್ಟು ಕೇಳಿ, ಕೈಲಾಗೋರಿಗೆ ಒಂದು, ಆಗದೋರಿಗೆ ಒಂದು ರೇಟ್ ಇಟ್ಕೊಂಡಿರೋರು ಬೇಕಾದಷ್ಟು ಜನ. ಕೆಇಎಂ, ಸಯನ್, ನಾಯರ್ ಆಸ್ಪತ್ರೆಗಳಲ್ಲಿ ಮನೋರೋಗ ಓಪಿಡಿ ಇದೆ, ಖರ್ಚು ತೀರಾ ಕಮ್ಮಿ, ಆದ್ರೆ ಬೆಳಿಗ್ಗೆ ಹೋಗಿ ಕೇಸ್ ಪೇಪರ್ ಕ್ಯೂನಲ್ಲಿ ನಿಲ್ಲೋ ತಾಳ್ಮೆ ಬೇಕು.

ಭಾಷೆ ವಿಷಯದಲ್ಲಿ ನಂದು ಹಠ, ಕನ್ನಡ ಬರೋರೇ ಬೇಕು. ಇಲ್ಲಿ ಸಿಗ್ಲಿಲ್ವಾ, ಬೆಂಗ್ಳೂರೋ ಮಂಗ್ಳೂರೋ ಹುಬ್ಬಳ್ಳಿಯೋ, ಆನ್‌ಲೈನ್‌ನಲ್ಲಿ ತಗೊಳ್ಳಿ. ಆಫೀಸ್ ಇಂಗ್ಲಿಷ್‌ನಲ್ಲಿ, ಟ್ರೇನ್ ಹಿಂದಿಯಲ್ಲಿ ದುಃಖ ಹೇಳ್ಕೊಳ್ಳೋದು ಬಹಳ ಸುಲಭ, ತಗುಲೋದೇ ಇಲ್ಲ. "ಅಪ್ಪನ ಮೇಲೆ ನನಗೆ ಸಿಟ್ಟಿದೆ" ಅಂತ ಕನ್ನಡದಲ್ಲಿ ಹೇಳಿ ನೋಡಿ, ಗಂಟಲು ಕಟ್ಟತ್ತೆ. ಆ ಕಟ್ಟೋ ಜಾಗಕ್ಕೆ ಹೋಗೋಕೇ ತಾನೇ ದುಡ್ಡು ಕೊಡ್ತಿರೋದು. ಒಂದೇ ಎಚ್ಚರ, ಮುಂಬೈ ಕನ್ನಡ ಲೋಕ ಅಂದ್ರೆ ಅಂಗೈಯಷ್ಟು. ಮಾಟುಂಗಾದಲ್ಲಿ ನಾಟಕ ನೋಡೋಕೆ ಹೋದಾಗ ಪಕ್ಕದ ಕುರ್ಚಿಯಲ್ಲಿ ಸಿಗೋರು, ಅತ್ತಿಗೆ ಕಡೆ ನೆಂಟರು, ಇವ್ರು ಎಷ್ಟೇ ಒಳ್ಳೆ ಥೆರಪಿಸ್ಟ್ ಆಗಿದ್ರೂ ನಿಮಗೆ ಬೇಡ.

ಆನ್‌ಲೈನ್ ಆದ್ರೆ ಜಾಗ ಮೊದಲೇ ಹುಡುಕಿಟ್ಕೊಳ್ಳಿ. ಹೆಡ್‌ಫೋನ್ ಹಾಕಿದ್ರೆ ಅವ್ರ ಮಾತು ಮಾತ್ರ ಮುಚ್ಚತ್ತೆ, ನಿಮ್ಮ ಮಾತು ಇಡೀ ಚಾಳಿಗೆ ಕೇಳತ್ತೆ. ಸೊಸೈಟಿ ಟೆರೇಸು, ನಿಲ್ಲಿಸಿದ ಕಾರು, ಬಾಗಿಲು ಹಾಕಿರೋ ಮೀಟಿಂಗ್ ರೂಮು, ಯಾವ್ದಾದ್ರೂ ಸರಿ. ನನ್ನ ಗೆಳೆಯ ಒಬ್ಬ ಲೋಕಲ್‌ನಲ್ಲಿ ಫೋರ್ತ್ ಸೀಟಲ್ಲಿ ಕೂತು ಸೆಷನ್ ತಗೊಂಡ, ಮುಂಬ್ರಾ ಬರೋ ಹೊತ್ತಿಗೆ ಎದುರಿಗೆ ಕೂತಿದ್ದ ಕಾಕಾ ಅವನಿಗೆ ಸಲಹೆ ಕೊಡೋಕೆ ಶುರು ಮಾಡಿದ್ರಂತೆ.

ಈಗ ಎಲ್ರೂ ಬೀಳೋ ಗುಂಡಿ, ಮೊದಲ ಸೆಷನ್. 45ರಿಂದ 60 ನಿಮಿಷ. ಅರ್ಧ ಸಮಯ ಅವ್ರೇ ಕೇಳ್ತಾರೆ, ಮನೇಲಿ ಯಾರ್ಯಾರು, ನಿದ್ದೆ, ಊಟ, ಕುಡಿತ, ಸಾಯೋ ಯೋಚನೆ ಬಂದಿದ್ಯಾ. ಕುಡಿತ ಅರ್ಧ ಮಾಡಿ ಹೇಳ್ಬೇಡಿ. ನಿಮ್ಮ ಮಾತು ಹೊರಗೆ ಹೋಗ್ಬಾರ್ದು ಅನ್ನೋದು 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೇ ಇದೆ. ಯಾರದ್ದಾದ್ರೂ ಜೀವಕ್ಕೆ ಅಪಾಯ ಇದ್ರೆ, ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದ್ರೆ, ಕೋರ್ಟ್ ಕೇಳಿದ್ರೆ, ಆಗ ಹೇಳ್ಬೇಕಾಗತ್ತೆ. ಒಳ್ಳೆ ಥೆರಪಿಸ್ಟ್ ಇದನ್ನ ಮೊದಲ ದಿನವೇ ತಾವಾಗೇ ಹೇಳ್ತಾರೆ.

ಆಮೇಲೆ "ಏನಾಗ್ತಿದೆ ಹೇಳಿ" ಅಂತಾರೆ, ಅಲ್ಲೇ ನಾವು "ಟೆನ್ಶನ್" ಅಂದುಬಿಡೋದು. ಈ ಪದ ಕುಕ್ಕರ್ ಮುಚ್ಚಳ ಇದ್ದ ಹಾಗೆ, ಒಳಗೆ ಬೇಳೆ ಇದ್ಯೋ ಬರೀ ನೀರಿದ್ಯೋ ಯಾರಿಗೂ ಕಾಣ್ಸಲ್ಲ. "ಡಿಪ್ರೆಶನ್ ಆಗಿದೆ", "ಹೆಂಡ್ತಿ ಅರ್ಥ ಮಾಡ್ಕೊಳ್ಳಲ್ಲ" ಇವೂ ಅದೇ ಜಾತಿ, ನೀವೇ ಕೊಟ್ಟುಬಿಟ್ಟ ತೀರ್ಪುಗಳು. ತೀರ್ಪು ಬೇಡ, ಒಂದು ಘಟನೆ ತಗೊಂಡು ಹೋಗಿ. ಹಿಂದಿನ ರಾತ್ರಿ ಚೀಟಿಯಲ್ಲಿ ಬರ್ಕೊಳ್ಳಿ: ಯಾವತ್ತು, ಎಲ್ಲಿ, ಯಾರು ಏನಂದ್ರು, ತಲೇಲಿ ಏನು ಓಡ್ತು, ಮೈಗೆ ಏನಾಯ್ತು, ಆಮೇಲೆ ಏನು ಮಾಡಿದ್ರಿ.

ನನ್ನ ಚೀಟಿ ಹಿಂಗಿತ್ತು. ಮಂಗಳವಾರ, ಟ್ರೇನು ಘಾಟ್ಕೋಪರ್ ದಾಟಿದೆ, ಊರಿಂದ ತಮ್ಮನ ಫೋನು. ಜಾಗದ ವಿಷಯಾನೇ ಇರತ್ತೆ ಅಂತ ಅನ್ನಿಸ್ತು. ಎದೆ ಡವಡವ, ಅಂಗೈ ಬೆವರು. ಎತ್ಲಿಲ್ಲ. ರಿಂಗ್ ನಿಂತ ಕೂಡ್ಲೇ ಹಾಯ್ ಅನ್ನಿಸ್ತು. ರಾತ್ರಿ ಮಗಳು ಊಟದ ಹೊತ್ತಲ್ಲಿ ನೀರು ಚೆಲ್ಲಿದ್ಲು, ಕಿರುಚಿಬಿಟ್ಟೆ. ಒಂದೂವರೆವರೆಗೆ ನಿದ್ದೆ ಇಲ್ಲ.

ನಾನು ಅಂದ್ಕೊಂಡಿದ್ದು ಥೆರಪಿಸ್ಟ್ ನಾನು ಕಿರುಚಿದ್ದನ್ನ ಹಿಡೀತಾರೆ ಅಂತ. ಅವ್ರು ಹಿಡಿದಿದ್ದು ಆ "ಹಾಯ್" ಅನ್ನಿಸಿದ್ದನ್ನ. ಫೋನು ಎತ್ತದೇ ಇದ್ದಾಗ ಸಿಕ್ಕ ಆ ಎರಡು ನಿಮಿಷದ ನೆಮ್ಮದಿ ಇದೆಯಲ್ಲ, ಅದೇ ಮುಂದಿನ ಸಲವೂ ಎತ್ಬೇಡ ಅಂತ ಕಲಿಸೋದು, ಎತ್ತದೇ ಇದ್ದಷ್ಟೂ ಆ ಫೋನು ದೊಡ್ಡ ಭೂತ ಆಗ್ತಾ ಹೋಗೋದು. ಯೋಚನೆ, ಮೈ, ಮಾಡೋ ಕೆಲಸ, ಇವು ಮೂರನ್ನೂ ಬಿಡಿಸಿಟ್ಟು ನೋಡೋ ಈ ಪದ್ಧತಿಗೆ ಸಿಬಿಟಿ, ಅಂದ್ರೆ ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ ಅಂತಾರೆ, 1960ರ ದಶಕದಲ್ಲಿ ಅಮೆರಿಕದ ಆರನ್ ಬೆಕ್ ಅನ್ನೋ ಮನೋವೈದ್ಯ ಶುರು ಮಾಡಿದ್ದು. ನನಗೆ ಸಿಕ್ಕ ಹೋಂವರ್ಕು, ಶನಿವಾರ ಹನ್ನೊಂದಕ್ಕೆ ನಾನೇ ಫೋನ್ ಮಾಡೋದು, ಹತ್ತೇ ನಿಮಿಷ, ಜಾಗದ ಮಾತು ಬಂದ್ರೆ "ದೀಪಾವಳಿಗೆ ಬಂದಾಗ ಕೂತು ಮಾತಾಡೋಣ" ಅನ್ನೋ ಒಂದು ವಾಕ್ಯ ರೆಡಿ ಇಟ್ಕೊಳ್ಳೋದು. ಮಾಡ್ದೆ. ಪುಣ್ಯಾತ್ಮ ಮಂಗಳವಾರ ಫೋನ್ ಮಾಡಿದ್ದು ಚೌತಿಗೆ ಮತ್ಸ್ಯಗಂಧಾ ಟ್ರೇನಲ್ಲಿ ಟಿಕೆಟ್ ಆಗಿದ್ಯಾ ಅಂತ ಕೇಳೋಕೆ. ಜಾಗದ ಮಾತು ಎರಡು ವಾರ ಬಿಟ್ಟು ಬಂದೇ ಬಂತು, ಆದ್ರೆ ಅಷ್ಟೊತ್ತಿಗೆ ಫೋನ್ ಎತ್ತೋಕೆ ಬರ್ತಿತ್ತು.

ಇನ್ನೊಂದು ತಪ್ಪು. ಇಡೀ ಸೆಷನ್ ಆಫೀಸ್ ಪುರಾಣ ಹೇಳಿ, ಕೊನೇ ಐದು ನಿಮಿಷದಲ್ಲಿ ಚಪ್ಪಲಿ ಹಾಕ್ಕೊಳ್ತಾ "ಅಂದಹಾಗೆ ಹೋದ ವರ್ಷ ನಮ್ಮ ಮಗು ಹೋಯ್ತು" ಅನ್ನೋದು. ನಾಚಿಕೆಯಾಗೋ ವಿಷಯ ಯಾವುದೋ ಅದನ್ನೇ ಮೊದಲು ಹೇಳಿ, ಬಾಯಿ ಬರ್ಲಿಲ್ಲ ಅಂದ್ರೆ ಚೀಟಿನೇ ಕೊಟ್ಟುಬಿಡಿ. ಅವ್ರು ಸುಮ್ನೆ ಕೂತ್ರೆ ಗಾಬರಿಯಾಗಿ ಮಾತು ತುಂಬ್ಬೇಡಿ. ಅಮ್ಮನನ್ನೋ ಗಂಡನನ್ನೋ ಪಕ್ಕದಲ್ಲಿ ಕೂರಿಸ್ಕೊಂಡಂತೂ ಮೊದಲ ಸೆಷನ್ ಮಾಡ್ಲೇಬೇಡಿ.

ಹೋಂವರ್ಕ್ ಮಾಡಿ. ಮಾಡ್ಲಿಲ್ಲ ಅಂದ್ರೂ ಮುಂದಿನ ವಾರ ಹೋಗಿ, ಯಾಕೆ ಮಾಡ್ಲಿಲ್ಲ ಅನ್ನೋದೇ ಆ ದಿನದ ವಿಷಯ ಆಗತ್ತೆ.

ನಾಲ್ಕು ಸೆಷನ್‌ವರೆಗೆ ತೀರ್ಪು ಕೊಡ್ಬೇಡಿ. ಆಮೇಲೆ ನೇರವಾಗಿ ಕೇಳಿ, ನಾವು ಯಾವ ಕಡೆ ಹೋಗ್ತಿದೀವಿ ಅಂತ. ಉತ್ತರ ಗೊಂದಲ ಅನ್ನಿಸಿದ್ರೆ ಥೆರಪಿಸ್ಟ್ ಬದಲಾಯಿಸಿ, ದರ್ಜಿ ಬದಲಾಯಿಸಲ್ವಾ ಹಾಗೆ. ಮಾತ್ರೆ ಬೇಕಾಗಬಹುದು ಅಂತ ಅವ್ರು ಸೈಕಿಯಾಟ್ರಿಸ್ಟ್ ಹತ್ರ ಕಳಿಸಿದ್ರೆ ಹೋಗಿ. ಡಿಪ್ರೆಶನ್ ಮಾತ್ರೆಗಳು ಕೆಲಸ ಮಾಡೋಕೆ ಕೆಲವು ವಾರ ಬೇಕು, ಒಂದು ವಾರಕ್ಕೇ ಬೇಜಾರಾಗಿ ಬಿಡ್ಬೇಡಿ, ಚೆನ್ನಾಗಾಯ್ತು ಅಂತ ನೀವಾಗೇ ನಿಲ್ಲಿಸ್ಲೂಬೇಡಿ.

ಸಾಯೋ ಯೋಚನೆ ಬರ್ತಿದ್ರೆ ಮೇಲಿನ ಯಾವ ಹಂತವೂ ಬೇಡ, ಅಪಾಯಿಂಟ್ಮೆಂಟ್‌ಗೆ ಕಾಯ್ಬೇಡಿ. ಯಾರನ್ನಾದ್ರೂ ಜೊತೆಗೆ ಕರ್ಕೊಂಡು ಹತ್ತಿರದ ಆಸ್ಪತ್ರೆ ಕ್ಯಾಶುಯಲ್ಟಿಗೆ ಹೋಗಿ, ಇಲ್ಲಾ 14416ಕ್ಕೆ ಫೋನ್ ಮಾಡಿ. ಅದು ಕೇಂದ್ರ ಸರ್ಕಾರದ ಟೆಲಿ ಮಾನಸ್, 2022ರ ಅಕ್ಟೋಬರ್‌ನಿಂದ ಇದೆ, ದಿನದ 24 ಗಂಟೆ, ಪುಕ್ಕಟೆ, ಕನ್ನಡವೂ ಇದೆ.

ನಿಲ್ಲಿಸೋದು ಹೇಗೆ? ವಾರಕ್ಕೊಂದಿದ್ದಿದ್ದು ಹದಿನೈದು ದಿನಕ್ಕೆ, ಆಮೇಲೆ ತಿಂಗಳಿಗೆ. ವಾಟ್ಸಾಪ್‌ಗೆ ಉತ್ತರ ಕೊಡದೇ ಮಾಯ ಆಗೋದು ನಮ್ಮವರ ಕೆಟ್ಟ ಅಭ್ಯಾಸ, ನನ್ನ ವಿಷಯದಲ್ಲಂತೂ ಅದು ಮತ್ತೆ ಅದೇ ಫೋನ್ ಎತ್ತದೇ ಇರೋ ಕಾಯಿಲೆ. ಸಾಕು ಅನ್ನಿಸ್ತಿದೆ ಅಂತ ಹೇಳಿ ಒಂದು ಕೊನೇ ಸೆಷನ್ ಇಟ್ಕೊಳ್ಳಿ. ಅದಕ್ಕೂ ಫೀಸ್ ಇರತ್ತೆ, ಚೌಕಾಸಿ ಮಾಡ್ಬೇಡಿ.