ಅಜ್ಜನ ಮನೆಯ ಮಹಡಿ ಹಲಗೆ: ಕಿತ್ತು ಹಾಕದೆ ಉಳಿಸಿಕೊಂಡ ಬಗೆ

ಬೆಂಗಳೂರಿನ ಹಳೆ ಮನೆ ಅಂದರೆ ಎಲ್ಲರಿಗೂ ನೆನಪಾಗುವುದು ರೆಡ್ ಆಕ್ಸೈಡ್ ನೆಲ. ಮರದ ನೆಲ ಕಡಿಮೆ. ದಂಡು ಪ್ರದೇಶದ ಹಳೆ ಬಂಗಲೆಗಳಲ್ಲಿ ಒಂದಷ್ಟು ಉಳಿದಿವೆ. 1898ರ ಪ್ಲೇಗಿನ ನಂತರ ತುಂಬಿಕೊಂಡ ಬಸವನಗುಡಿ, ಮಲ್ಲೇಶ್ವರದ ಕಡೆ ಕೆಲವು ಮನೆಗಳ ಮಹಡಿಯಲ್ಲೂ ಇವೆ. ಬಸವನಗುಡಿಯ ನಮ್ಮ ಅಜ್ಜನ ಮನೆ ಅಂಥದ್ದು. ಕೆಳಗೆ ಪೂರ್ತಿ ರೆಡ್ ಆಕ್ಸೈಡ್. ಮಹಡಿಯ ಮುಂದಿನ ಕೋಣೆಗೆ ಮಾತ್ರ ತೇಗದ ಹಲಗೆ. ಹಲಗೆ ಕೂತಿರುವುದು ತೊಲೆಗಳ ಮೇಲೆ, ತೊಲೆಗಳ ಕೆಳಗೆ ನೇರವಾಗಿ ನಮ್ಮ ಹಾಲ್. ಮೇಲೆ ಇರುವವರಿಗೆ ಅದು ನೆಲ, ಕೆಳಗಿರುವವರಿಗೆ ಅದೇ ಸೂರು.

ಈ ನೆಲ ಬೂದಿ ಬಣ್ಣಕ್ಕೆ ತಿರುಗಿತ್ತು. ನಡೆದರೆ ಕಿರುಗುಟ್ಟುತ್ತಿತ್ತು. ಪಶ್ಚಿಮದ ಗೋಡೆಯ ಮೂಲೆಯಲ್ಲಿ ಕಾಲಿಟ್ಟರೆ ಸ್ವಲ್ಪ ತಗ್ಗುತ್ತಿತ್ತು. ನೋಡಲು ಬಂದ ಕಂಟ್ರಾಕ್ಟರ್ ಒಬ್ಬರು ಎಲ್ಲಾ ಕಿತ್ತು ಪ್ಲೈವುಡ್ ಹಾಕಿ ಲ್ಯಾಮಿನೇಟ್ ಹಾಸೋಣ ಅಂದರು. ಇನ್ನೊಬ್ಬರು ಹಲಗೆಯ ಮೇಲೇ ಕಾಂಕ್ರೀಟ್ ಸುರಿದು ಟೈಲ್ಸ್ ಹಾಕೋಣ ಅಂದರು. ಈ ಎರಡನೆಯ ಸಲಹೆ ಯಾರು ಕೊಟ್ಟರೂ ಕೇಳಬೇಡಿ. ಹಲಗೆಯ ಭಾರಕ್ಕೆ ಲೆಕ್ಕ ಹಾಕಿ ಇಟ್ಟ ತೊಲೆಯ ಮೇಲೆ ಕಾಂಕ್ರೀಟಿನ ಭಾರ ಹೇರುವುದು ಅಪಾಯ. ಜೊತೆಗೆ ಮರ ಪೂರ್ತಿ ಮುಚ್ಚಿಹೋಗುತ್ತದೆ. ಒಳಗೆ ಏನಾಗುತ್ತಿದೆ ಅಂತ ಆಮೇಲೆ ಯಾರಿಗೂ ಕಾಣುವುದಿಲ್ಲ.

ಹಳೆ ತೇಗದ ನೆಲ ಬರೀ ಓಡಾಟದಿಂದ ಹಾಳಾಗುವುದು ಅಪರೂಪ. ನಾವು ಮನೆಯೊಳಗೆ ಬರಿಗಾಲಲ್ಲಿ ಇರುವವರು, ಸವೆತ ಇನ್ನೂ ಕಡಿಮೆ. ಅದನ್ನು ಕೊಲ್ಲುವುದು ನೀರು. ನೀರು ಎಲ್ಲಿಂದ ಬರುತ್ತಿದೆ ಅಂತ ಹುಡುಕದೆ ಪಾಲಿಶ್ ಮಾಡಿಸಿದರೆ ದುಡ್ಡು ದಂಡ. ಮೆಷಿನ್ ಹಿಡಿದು ಉಜ್ಜುವುದು ಕೊನೆಯ ಕೆಲಸ, ಅದೂ ಎಷ್ಟು ಕಡಿಮೆಯೋ ಅಷ್ಟು ಒಳ್ಳೇದು. ಒಂದಿಂಚಿನ ಹಲಗೆ ಪ್ರತಿ ಸಲ ಉಜ್ಜಿದಾಗಲೂ ತೆಳ್ಳಗಾಗುತ್ತದೆ. ಆ ಮರ ವಾಪಸ್ ಬರುವುದಿಲ್ಲ.

ಹಾಗಾಗಿ ಮೊದಲು ಕೈಗೆ ತಗೊಂಡಿದ್ದು ಒಂದು ಸ್ಕ್ರೂಡ್ರೈವರ್ ಮತ್ತು ಮರದ ತೇವಾಂಶ ನೋಡುವ ಮೀಟರ್. ಎರಡು ಸೂಜಿ ಇರುವ ಸಣ್ಣ ಸಾಧನ ಅದು, ಮರಕ್ಕೆ ಚುಚ್ಚಿದರೆ ನೂರಕ್ಕೆ ಎಷ್ಟು ಅಂತ ತೋರಿಸುತ್ತದೆ. ಕೋಣೆಯ ಮಧ್ಯದಲ್ಲಿ 12ರ ಆಸುಪಾಸು ಬಂತು, ಬೆಂಗಳೂರಿನ ಹವೆಗೆ ಅದು ಸರಿಯಾದ ಅಳತೆ. ಪಶ್ಚಿಮದ ಗೋಡೆಯ ಹತ್ತಿರ ಹೋಗುತ್ತಾ ಹೋಗುತ್ತಾ 20 ದಾಟಿತು. ಮರದಲ್ಲಿ ತೇವ 20ಕ್ಕಿಂತ ಜಾಸ್ತಿ ಇದ್ದು ಹಾಗೇ ಉಳಿದರೆ ಬೂಷ್ಟು ಬೆಳೆದು ಮರ ಕೊಳೆಯಲು ಶುರುವಾಗುತ್ತದೆ. ಕೆಳಗಿನ ಹಾಲ್‌ನಿಂದ ಏಣಿ ಹಾಕಿ ನೋಡಿದರೆ, ಅದೇ ಜಾಗದಲ್ಲಿ ತೊಲೆ ಗೋಡೆಯೊಳಗೆ ಹೋಗುವ ಕಡೆ ಕಪ್ಪಾಗಿತ್ತು. ಸ್ಕ್ರೂಡ್ರೈವರ್ ಒತ್ತಿದರೆ ಹಿಡಿಯವರೆಗೂ ಇಳಿಯಿತು.

ಗೋಡೆಯ ಆಚೆ ಬದಿಗೆ ಹೋಗಿ ನೋಡಿದಾಗ ಕಾರಣ ಸಿಕ್ಕಿತು. ತಾರಸಿಯಿಂದ ಇಳಿಯುವ ಮಳೆನೀರಿನ ಪೈಪು ಜಾಯಿಂಟಿನಲ್ಲಿ ಬಿಟ್ಟುಕೊಂಡಿತ್ತು. ಮಳೆ ಬಂದಾಗಲೆಲ್ಲ ನೀರು ಗೋಡೆಗೇ ಬೀಳುತ್ತಿತ್ತು. ಅಷ್ಟೇ ಆಗಿದ್ದರೆ ಗೋಡೆ ಒಣಗುತ್ತಿತ್ತೇನೋ. ಸುಣ್ಣದ ಗಾರೆಯಲ್ಲಿ ಕಟ್ಟಿದ ಇಟ್ಟಿಗೆ ಗೋಡೆ ನೀರು ಕುಡಿಯುತ್ತದೆ, ಬಿಸಿಲಿಗೆ ಮತ್ತೆ ಬಿಟ್ಟುಕೊಡುತ್ತದೆ. ಯಾವಾಗಲೋ ಯಾರೋ ಹೊರಗಡೆ ಸಿಮೆಂಟ್ ಪ್ಲಾಸ್ಟರ್ ಮಾಡಿಸಿದ್ದರು. ಬಿರುಕಿನಲ್ಲಿ ಒಳಗೆ ಹೋದ ನೀರಿಗೆ ಹೊರಗೆ ಬರಲು ದಾರಿಯೇ ಇರಲಿಲ್ಲ. ಹಳೆ ಮನೆ ಇರುವವರು ಇದನ್ನು ದಯವಿಟ್ಟು ಗಮನಿಸಿ. ಸುಣ್ಣದ ಗೋಡೆಗೆ ಸಿಮೆಂಟ್ ಮುಚ್ಚಿದ ಕಡೆಯೆಲ್ಲ ಒಳಗಿನ ಮರದ ತುದಿಯನ್ನು ಒಮ್ಮೆ ಚುಚ್ಚಿ ನೋಡಿ.

ಪೈಪು ಬದಲಾಯಿಸಿದೆ. ಆ ಭಾಗದ ಸಿಮೆಂಟ್ ಉದುರಿಸಿ ಸುಣ್ಣದ ಗಾರೆ ಮಾಡಿಸಿದೆ. ಇಲ್ಲಿ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಮಳೆ ಜೋರು. ಅದೆಲ್ಲ ಮುಗಿದು ಚಳಿಗಾಲ ಪೂರ್ತಿ ಗೋಡೆ ಒಣಗಲು ಬಿಟ್ಟೆ. ಮರದ ಕೆಲಸ ಶುರು ಮಾಡಿದ್ದು ಫೆಬ್ರವರಿಯಲ್ಲಿ, ಗಾಳಿ ಒಣಗಿರುವ ಕಾಲ.

ತೊಲೆಯ ಕೆಲಸಕ್ಕೆ ನಮ್ಮ ಮನೆಯ ಕಿಟಕಿ ಬಾಗಿಲು ನೋಡಿಕೊಳ್ಳುವ ಆಚಾರ್ರನ್ನು ಕರೆದೆ. ವಯಸ್ಸಾದವರು, ಮಾತು ಕಡಿಮೆ. ತೊಲೆಯನ್ನು ಗೆಣ್ಣಿನಿಂದ ತಟ್ಟುತ್ತಾ ಗೋಡೆಯಿಂದ ಹಿಂದಕ್ಕೆ ಬಂದರು. ಒಂದು ಜಾಗದಲ್ಲಿ ಸದ್ದು ಬದಲಾಯಿತು. ಅಲ್ಲಿ ಸೀಮೆಸುಣ್ಣದಲ್ಲಿ ಗೆರೆ ಎಳೆದರು.

"ಇಲ್ಲಿಂದ ಈಚೆ ಗಟ್ಟಿ ಇದೆ ಸಾರ್. ತೊಲೆ ಪೂರ್ತಿ ತೆಗೀಬೇಡಿ."

"ಹಂಗಾದ್ರೆ ತುದಿ ಏನ್ ಮಾಡೋದು ಆಚಾರ್ರೇ?"

"ಕತ್ತರಿಸಿ ಎರಡೂ ಕಡೆ ಜೋಡಿ ಮರ ಕೊಡೋಣ. ಇದರ ಮರ ಈಗ ಎಲ್ಲಿ ಸಿಗುತ್ತೆ ಹೇಳಿ?"

ಕೆಳಗಿನಿಂದ ಸೆಂಟ್ರಿಂಗ್ ಜಾಕಿ (ಎತ್ತರ ಹೊಂದಿಸಬಹುದಾದ ಕಬ್ಬಿಣದ ಊರುಗಂಬ) ಕೊಟ್ಟು ಭಾರ ಹೊತ್ತುಕೊಂಡ ಮೇಲೆ ಕೊಳೆತ ತುದಿ ಕತ್ತರಿಸಿದೆವು. ಕೊಳೆತದ್ದು ಸುಮಾರು ಒಂದು ಅಡಿ. ಜೋಡಿ ಮರ ಮಾತ್ರ ನಾಲ್ಕು ಅಡಿಗೂ ಹೆಚ್ಚು ಹಳೆ ತೊಲೆಯ ಪಕ್ಕಕ್ಕೆ ಬರುವ ಹಾಗೆ ಇಟ್ಟು, ಆರಪಾರ ಬೋಲ್ಟ್ ಹಾಕಿ, ದೊಡ್ಡ ವಾಷರ್ ಕೊಟ್ಟು ಬಿಗಿದೆವು. ಗೋಡೆಯೊಳಗೆ ಹೋಗುವ ತುದಿಯ ಕೆಳಗೆ ಕಲ್ಲಿನ ಚಪ್ಪಡಿ ಇಟ್ಟು, ಸುತ್ತಲೂ ಒಂದು ಬೆರಳು ಹೋಗುವಷ್ಟು ಜಾಗ ಬಿಟ್ಟೆವು. ಮೇಸ್ತ್ರಿಗಳು ಅಭ್ಯಾಸಬಲದಿಂದ ಅಲ್ಲಿಗೆ ಸಿಮೆಂಟ್ ತುಂಬಲು ಹೋಗುತ್ತಾರೆ. ಬಿಡಬೇಡಿ, ಮರದ ತುದಿಗೆ ಗಾಳಿ ಆಡಬೇಕು. ಹೊಸ ಮರಕ್ಕೂ ಹಳೆ ತುದಿಗೂ ಬೊರಾಕ್ಸ್ ಮೂರು ಪಾಲು, ಬೋರಿಕ್ ಆಸಿಡ್ ಎರಡು ಪಾಲು ಬಿಸಿನೀರಲ್ಲಿ ಕರಗಿಸಿ ಬ್ರಷ್‌ನಿಂದ ಕುಡಿಸಿದೆ. ಬೂಷ್ಟಿಗೂ ಕುಟ್ಟೆ ಹುಳಕ್ಕೂ ಅದು ತಡೆ. ನಮ್ಮದು ಒಂದೇ ತೊಲೆ. ಒಂದಕ್ಕಿಂತ ಹೆಚ್ಚು ಕೊಳೆತಿದ್ದರೆ ಸ್ಟ್ರಕ್ಚರಲ್ ಎಂಜಿನಿಯರ್ ನೋಡದೆ ಕೈ ಹಾಕಬಾರದು.

ಆ ಮೂಲೆಯ ಹಲಗೆಗಳನ್ನು ಎಬ್ಬಿಸುವ ಮೊದಲು ಪ್ರತಿಯೊಂದಕ್ಕೂ ಸೀಮೆಸುಣ್ಣದಲ್ಲಿ ನಂಬರ್ ಬರೆದೆ. ಯಾವ ತುದಿ ಯಾವ ಕಡೆ ಅಂತ ಬಾಣದ ಗುರುತೂ ಹಾಕಿದೆ. ಒಂದೇ ಜಾಗದಲ್ಲಿ ಅಷ್ಟು ವರ್ಷ ಕೂತ ಹಲಗೆ ಬೇರೆ ಕಡೆ ಸರಿಯಾಗಿ ಕೂರುವುದಿಲ್ಲ. ಮೊಳೆಯನ್ನು ಮೇಲಿಂದ ಎಳೆಯುವ ಬದಲು ಹಲಗೆಯ ಕೆಳಗೆ ಮರದ ಚಕ್ಕೆ ಕೊಟ್ಟು ನಿಧಾನವಾಗಿ ಮೀಟಿ ಎತ್ತಿದರೆ ಅಂಚು ಸೀಳುವುದಿಲ್ಲ.

ಕೆಲವು ಹಲಗೆ ಉಳಿಯುವಂತಿರಲಿಲ್ಲ. ಅದಕ್ಕೆ ಹೊಸ ತೇಗ ತರಲಿಲ್ಲ. ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಬಡಾವಣೆ ಕಡೆ ಹೋಗಿ, ಕೆಡವಿದ ಮನೆಗಳಿಂದ ಬಂದ ಹಳೆ ತೇಗ ಹುಡುಕಿದೆ. ಹಳೆ ಮರ ಆಗಲೇ ಒಣಗಿ, ಕುಗ್ಗಿ, ಒಂದು ಹದಕ್ಕೆ ಬಂದಿರುತ್ತದೆ. ಬಣ್ಣವೂ ಹತ್ತಿರ ಇರುತ್ತದೆ. ಕೊಳ್ಳುವಾಗ ಒಂದು ಅಯಸ್ಕಾಂತ ಜೇಬಲ್ಲಿರಲಿ. ಒಳಗೆ ಮುರಿದುಳಿದ ಮೊಳೆ ಇದ್ದರೆ ಗೊತ್ತಾಗುತ್ತದೆ, ಕೊಯ್ಯುವವರ ಬ್ಲೇಡ್ ಉಳಿಯುತ್ತದೆ. ಅಂಚಿನಲ್ಲಿ ಬಿಳಚಿಕೊಂಡ ಪಟ್ಟಿ ಇದ್ದರೆ ಬಿಡಿ. ಅದು ಮರದ ಹೊರಗಿನ ಎಳೆ ಭಾಗ. ತೇಗದ ಗಟ್ಟಿತನ ಇರುವುದು ಒಳಗಿನ ಕಂದು ಭಾಗದಲ್ಲಿ, ಹುಳ ಮೊದಲು ತಿನ್ನುವುದು ಈ ಬಿಳಿ ಭಾಗವನ್ನು.

ಹಲಗೆಗಳ ನಡುವಿನ ಸಂದು ಎಲ್ಲರಿಗೂ ತಲೆನೋವು. ಪಾಲಿಶ್‌ನವರು ಫೆವಿಕಾಲ್‌ಗೆ ಮರದ ಹೊಟ್ಟು ಕಲಸಿ ತುಂಬಿಬಿಡುತ್ತಾರೆ. ಮೊಳೆಯ ತೂತಿಗೆ ಅದು ಸಾಕು, ಸಂದಿಗೆ ಬೇಡ. ಮರ ಉದ್ದಕ್ಕೆ ಹೆಚ್ಚು ಕಡಿಮೆ ಆಗುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, ಅಗಲಕ್ಕೆ ಮಾತ್ರ ಹಿಗ್ಗಿ ಕುಗ್ಗುತ್ತಲೇ ಇರುತ್ತದೆ. ಮಾರ್ಚಿನಲ್ಲಿ ಸಂದು ಅಗಲ, ಮಳೆಗಾಲದಲ್ಲಿ ಕಿರಿದು. ಮಾರ್ಚಿನಲ್ಲಿ ಗಟ್ಟಿಯಾಗಿ ತುಂಬಿದರೆ ಆಗಸ್ಟ್‌ನಲ್ಲಿ ಹಲಗೆಗೆ ಹಿಗ್ಗಲು ಜಾಗ ಇರುವುದಿಲ್ಲ. ಒಂದೋ ತುಂಬಿದ್ದು ಪುಡಿಯಾಗಿ ಮೇಲೆ ಬರುತ್ತದೆ, ಇಲ್ಲ ಹಲಗೆಯೇ ಉಬ್ಬುತ್ತದೆ. ಸಣ್ಣ ಸಂದುಗಳನ್ನು ನಾನು ಮುಟ್ಟಲಿಲ್ಲ. ಕೆಳಗಿನ ಹಾಲ್‌ಗೆ ಕಸ ಉದುರುವಷ್ಟು ಅಗಲ ಇದ್ದ ಕಡೆ ಹಳೆ ತೇಗದಿಂದ ತೆಳ್ಳಗೆ ಪಟ್ಟಿ ಸೀಳಿ, ಒಂದು ಬದಿಗೆ ಮಾತ್ರ ಅಂಟು ಹಚ್ಚಿ ಇಳಿಸಿದೆ. ಇನ್ನೊಂದು ಬದಿ ಆಡಲು ಬಿಟ್ಟೆ.

ಈಗ ಮೇಲ್ಮೈ. ಹಳೆ ಪಾಲಿಶ್ ಯಾವುದು ಅಂತ ಮೊದಲು ತಿಳಿಯಬೇಕು. ಮೂಲೆಯಲ್ಲಿ ಸ್ವಲ್ಪ ಸ್ಪಿರಿಟ್ ಹಾಕಿ ಬೆರಳಲ್ಲಿ ತಿಕ್ಕಿದೆ, ಅಂಟಂಟಾಯಿತು. ಅಂದರೆ ಅರಗಿನ ಪಾಲಿಶ್. ಅದನ್ನು ತೆಗೆಯಲು ಮೆಷಿನ್ ಬೇಕಾಗಿಲ್ಲ. ಬಟ್ಟೆಗೆ ಸ್ಪಿರಿಟ್ ಹಾಕಿ ನೆನೆಸಿ, ಮೆತ್ತಗಾದ ಮೇಲೆ ಹೆರೆದರೆ ಬರುತ್ತದೆ. ಕಿಟಕಿ ತೆಗೆದಿರಬೇಕು, ಹತ್ತಿರ ಬೆಂಕಿ ಇರಬಾರದು. ಆಚಾರ್ರು ಹೆರೆಯಲು ಹಿಡಿದಿದ್ದು ಗಾಜಿನ ಚೂರು. ಕಿಟಕಿಯ ಗಾಜನ್ನು ನೇರವಾಗಿ ಕತ್ತರಿಸಿ, ಎರಡೂ ಕೈಯಲ್ಲಿ ಹಿಡಿದು, ಸ್ವಲ್ಪ ಬಾಗಿಸಿ ತಮ್ಮ ಕಡೆಗೆ ಎಳೆಯುತ್ತಿದ್ದರು. ಈರುಳ್ಳಿ ಸಿಪ್ಪೆಯ ಹಾಗೆ ತೆಳ್ಳಗೆ ಸುರುಳಿ ಏಳುತ್ತಿತ್ತು, ಕೆಳಗೆ ಜೇನಿನ ಬಣ್ಣದ ಮರ ಕಾಣುತ್ತಿತ್ತು. ಅಂಚು ಮೊಂಡಾದರೆ ಸುರುಳಿ ನಿಂತು ಪುಡಿ ಬರುತ್ತದೆ, ಆಗ ಚೂರು ಬದಲಾಯಿಸಬೇಕು. ನಾನು ದಪ್ಪ ಗ್ಲೌಸ್ ಹಾಕಿಕೊಂಡು ಸ್ಟೀಲ್ ಸ್ಕ್ರೇಪರ್‌ನಲ್ಲಿ ಅದೇ ಕೆಲಸ ಮಾಡಿದೆ.

ಗೋಡೆಯ ಅಂಚಿನ ಪಟ್ಟಿಗೆ ಹಸಿರು ಆಯಿಲ್ ಪೇಂಟ್ ಇತ್ತು. ಅದನ್ನು ಒಣದಾಗಿ ಉಜ್ಜಲಿಲ್ಲ. ನಮ್ಮ ದೇಶದಲ್ಲಿ ಮನೆ ಪೇಂಟಿನ ಸೀಸಕ್ಕೆ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ಮಿತಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಬಣ್ಣದಲ್ಲಿ ಸೀಸ ಇರಬಹುದು ಅಂತಲೇ ಅಂದುಕೊಳ್ಳಬೇಕು. ಧೂಳು ಮಾಡಿದರೆ ಮಕ್ಕಳಿಗೆ ವಿಷ. ಪೇಂಟ್ ರಿಮೂವರ್ ಹಚ್ಚಿ ಹಸಿಯಾಗಿಯೇ ಹೆರೆದು ಕವರ್‌ನಲ್ಲಿ ಕಟ್ಟಿದೆ.

ಉಜ್ಜುವ ಮುಂಚೆ ಪ್ರತಿ ಮೊಳೆಯ ತಲೆಯನ್ನೂ ಪಂಚ್ ಇಟ್ಟು ಒಳಕ್ಕೆ ಇಳಿಸಬೇಕು. ಇಲ್ಲದಿದ್ದರೆ ಉಜ್ಜುವ ಮೆಷಿನ್ನಿನ ಬೆಲ್ಟ್ ಹರಿಯುತ್ತದೆ, ಕಿಡಿಯೂ ಹಾರುತ್ತದೆ. ಒಣ ಮರದ ಧೂಳಿಗೆ ಕಿಡಿ ತಗುಲುವುದು ಬೇಡ, ಅಲ್ವಾ? ಬೆಲ್ಟ್ ಸ್ಯಾಂಡರ್‌ಗೆ 60ನೇ ನಂಬರಿನ ಒರಟು ಉಪ್ಪುಕಾಗದದ ಬೆಲ್ಟಿನಿಂದ ಶುರು ಮಾಡಿ, 80, ಆಮೇಲೆ 120. ಯಾವಾಗಲೂ ಮರದ ಎಳೆ ಓಡುವ ದಿಕ್ಕಿನಲ್ಲೇ. ಅಡ್ಡ ಉಜ್ಜಿದರೆ ಗೀರು ಉಳಿಯುತ್ತದೆ, ಎಣ್ಣೆ ಹಚ್ಚಿದ ಮೇಲೆ ಎದ್ದು ಕಾಣುತ್ತದೆ. ಮೂಲೆಗಳಿಗೆ ಕೈಯಲ್ಲೇ ಉಪ್ಪುಕಾಗದ. ಟಾರ್ಚನ್ನು ನೆಲದ ಮೇಲೆ ಮಲಗಿಸಿ ಬೆಳಕು ಬಿಟ್ಟರೆ ಎಲ್ಲಿ ಗೀರು ಉಳಿದಿದೆ ಅಂತ ಸ್ಪಷ್ಟವಾಗಿ ಕಾಣುತ್ತದೆ. ತೇಗದ ಧೂಳು ಮೂಗಿಗೂ ಚರ್ಮಕ್ಕೂ ಆಗುವುದಿಲ್ಲ, ಎನ್95 ಮಾಸ್ಕ್ ಇಲ್ಲದೆ ಕೂರಬೇಡಿ.

ಮೊಳೆಗಳ ಸುತ್ತ ಕಪ್ಪು ಕಲೆ ಇತ್ತು. ಕಬ್ಬಿಣ, ಮರದ ಒಗರು, ನೀರು ಸೇರಿ ಆಗುವ ಕಲೆ ಅದು. ಎಷ್ಟು ಉಜ್ಜಿದರೂ ಹೋಗುವುದಿಲ್ಲ, ಸುಮ್ನೆ ಅಲ್ಲೊಂದು ಗುಳಿ ಬೀಳುತ್ತದೆ. ಮೊಸಾಯಿಕ್ ಪಾಲಿಶ್ ಮಾಡುವವರು ಬಳಸುವ ಆಕ್ಸಾಲಿಕ್ ಆಸಿಡ್ ಪುಡಿಯನ್ನು ಬಿಸಿನೀರಲ್ಲಿ ಕರಗಿಸಿ ಹಚ್ಚಿದೆ. ನೋಡನೋಡುತ್ತಲೇ ತಿಳಿಯಾಯಿತು. ಆಮೇಲೆ ಚೆನ್ನಾಗಿ ಹಿಂಡಿದ ಒದ್ದೆ ಬಟ್ಟೆಯಲ್ಲಿ ಮತ್ತೆ ಮತ್ತೆ ಒರೆಸಿ, ಪೂರ್ತಿ ಒಣಗಲು ಬಿಟ್ಟೆ. ಇದು ವಿಷ. ಗ್ಲೌಸ್ ಬೇಕು, ಒಣಗಿದ ಪುಡಿ ಉಸಿರಿಗೆ ಹೋಗಬಾರದು.

ಮೇಲೆ ಏನು ಹಚ್ಚುವುದು ಅನ್ನುವಲ್ಲಿ ಜನ ಎರಡು ಪಂಗಡ. ಪಿಯು (ಪಾಲಿಯುರೆಥೇನ್) ಪಾಲಿಶ್ ಗಟ್ಟಿ, ನೀರು ಬಿದ್ದರೂ ತಡೆಯುತ್ತದೆ. ಬಾಡಿಗೆ ಮನೆಗೆ, ಆಫೀಸಿಗೆ ಅದೇ ಸರಿ. ತೇಗದಲ್ಲಿ ಎಣ್ಣೆ ಇರುವುದರಿಂದ ಹಚ್ಚುವ ಮೊದಲು ಥಿನ್ನರ್‌ನಲ್ಲಿ ಒರೆಸಿದರೆ ಹಿಡಿತ ಚೆನ್ನಾಗಿ ಬರುತ್ತದೆ. ಆದರೆ ಒಂದು ಕಡೆ ಕೆತ್ತಿಹೋದರೆ ಅಲ್ಲಷ್ಟೇ ಸರಿಮಾಡಲು ಕಷ್ಟ, ಕೋಣೆ ಪೂರ್ತಿ ಮತ್ತೆ ಉಜ್ಜಬೇಕು. ನನಗೆ ಬೇಡವಾಗಿದ್ದೇ ಅದು. ನಾನು ಡಬಲ್ ಬಾಯ್ಲ್ಡ್ ಅಗಸೆ ಎಣ್ಣೆ ಆರಿಸಿಕೊಂಡೆ. ಮೊದಲ ಕೋಟಿಗೆ ಎಣ್ಣೆ, ಟರ್ಪೆಂಟೈನ್ ಸಮ ಸಮ. ಹಚ್ಚಿ ಅರ್ಧ ಗಂಟೆ ಬಿಟ್ಟು, ಮೇಲೆ ನಿಂತ ಎಣ್ಣೆಯನ್ನೆಲ್ಲ ಒಣ ಬಟ್ಟೆಯಲ್ಲಿ ಒರೆಸಿ ತೆಗೆಯಬೇಕು. ಬಿಟ್ಟರೆ ಅಂಟಂಟಾಗಿ ಧೂಳು ಹಿಡಿಯುತ್ತದೆ. ಪೂರ್ತಿ ಒಣಗಿದ ಮೇಲೆ ಮುಂದಿನ ಕೋಟು, ಎಣ್ಣೆ ಜಾಸ್ತಿ, ಟರ್ಪೆಂಟೈನ್ ಕಡಿಮೆ. ಕೊನೆಗೆ ಜೇನುಮೇಣ. ಅದನ್ನು ಬಿಸಿನೀರಿನ ಪಾತ್ರೆಯೊಳಗೆ ಇಟ್ಟು ಕರಗಿಸಿ, ಒಲೆಯಿಂದ ದೂರ ತಂದ ಮೇಲೆ ಟರ್ಪೆಂಟೈನ್ ಸೇರಿಸಿದೆ.

ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಲೇಬಾರದು. ಅಗಸೆ ಎಣ್ಣೆ ಒಣಗುವಾಗ ತಾನೇ ಬಿಸಿಯಾಗುತ್ತದೆ, ಮುದ್ದೆಯೊಳಗೆ ಆ ಬಿಸಿ ಸೇರಿಕೊಂಡು ಬಟ್ಟೆ ತಾನಾಗೇ ಹೊತ್ತಿಕೊಳ್ಳಬಹುದು. ಬಕೆಟ್ ನೀರಲ್ಲಿ ಮುಳುಗಿಸಿಡಿ, ಇಲ್ಲ ಬಯಲಲ್ಲಿ ಒಂದೊಂದಾಗಿ ಹರಡಿ ಒಣಗಿಸಿ. ಕೆಲಸಕ್ಕೆ ಬರುವ ಹುಡುಗರಿಗೆ ಇದನ್ನು ಬಾಯಿಬಿಟ್ಟು ಹೇಳಬೇಕು.

ಈಗ ಆ ಕೋಣೆಗೆ ಫಿನಾಯಿಲ್ ಹಾಕಿದ ನೀರು, ಮಾಪ್ ಎರಡೂ ಇಲ್ಲ. ದಿನಾ ಪೊರಕೆ, ವಾರಕ್ಕೊಮ್ಮೆ ಗಟ್ಟಿಯಾಗಿ ಹಿಂಡಿದ ಬಟ್ಟೆ. ಮನೆ ಕೆಲಸಕ್ಕೆ ಬರುವ ಅಕ್ಕನಿಗೆ ಮೊದಲು ಇದು ಒಪ್ಪಿಗೆಯಾಗಿರಲಿಲ್ಲ, "ನೀರು ಹಾಕದೆ ನೆಲ ಶುದ್ಧ ಆಗುತ್ತಾ ಅಣ್ಣ?" ಅಂತ ಕೇಳಿದ್ದರು. ಕೊಳೆತ ತೊಲೆಯ ತುಂಡನ್ನು ಅವರ ಕೈಗೆ ಕೊಟ್ಟೆ. ಬೆರಳಲ್ಲಿ ಒತ್ತಿ ನೋಡಿ, ಪುಡಿಯಾಗಿದ್ದು ಕಂಡು, ಬಕೆಟ್ ಕೆಳಗೆ ಇಳಿಸಿದರು. ಓಡಾಟ ಜಾಸ್ತಿ ಇರುವ ಬಾಗಿಲ ಹತ್ತಿರ ಬಣ್ಣ ಮಂಕಾದರೆ ಅಲ್ಲಷ್ಟಕ್ಕೆ ಎಣ್ಣೆ, ಮೇಣ ಹಚ್ಚುತ್ತೇನೆ. ಮೇ ತಿಂಗಳಲ್ಲಿ ಪೈಪಿನ ಜಾಯಿಂಟ್ ನೋಡಿ, ಮಳೆ ನಿಂತ ಮೇಲೆ ಅದೇ ಮೂಲೆಗೆ ಮೀಟರ್ ಚುಚ್ಚುತ್ತೇನೆ. ಹೋದ ಸಲ 13 ತೋರಿಸಿತು.