ಟ್ರ್ಯಾಕ್ ಬಿಟ್ಟು ಅಂಗಡಿಗೆ, ಅಂಗಡಿಯಿಂದ ಮತ್ತೆ ಟ್ರ್ಯಾಕಿಗೆ: ಎರಡು ಡಬ್ಬಿಯ ಲೆಕ್ಕ

ಕ್ರೀಡಾ ಕೋಟಾದ ನೌಕರಿಗೆ ಕಾಯುವುದು ಸಾಕು, ಉಡುಪಿಯಲ್ಲಿ ಕ್ರೀಡಾ ಸಾಮಗ್ರಿಯ ಅಂಗಡಿ ಇಡುತ್ತೇನೆ, ಬೆಳಿಗ್ಗೆ ಕೋಚಿಂಗ್ ಮಾಡುತ್ತೇನೆ ಎಂದಾಗ ಜೊತೆಗೆ ಓಡಿದವರೇ ‘ಬೇಡ ಮಾರಾಯ, ಎರಡೂ ಅರ್ಧಂಬರ್ಧ ಆಗ್ತದೆ’ ಎಂದಿದ್ದರು. ಮೊದಲ ನಾಲ್ಕು ವರ್ಷ ಅವರ ಮಾತೇ ನಿಜವಾಯಿತು. ಈಗ ಒಂಬತ್ತನೇ ವರ್ಷ. ಅಂಗಡಿಯ ದುಡ್ಡಿನಲ್ಲಿ ಮನೆ ನಡೆಯುತ್ತದೆ, ಕೋಚಿಂಗ್ ತನ್ನ ಖರ್ಚನ್ನು ತಾನೇ ನೋಡಿಕೊಳ್ಳುತ್ತದೆ. ಆಗ ಬೇಡವೆಂದವರಲ್ಲಿ ಇಬ್ಬರು ಹೋದ ವರ್ಷ ಬಂದು ನನ್ನ ಲೆಕ್ಕದ ಪುಸ್ತಕ ನೋಡಿ ಹೋದರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಓಟ ಶುರು ಮಾಡುವಾಗ ಕಾಲೂರುವ ಬ್ಲಾಕ್ ಇಡುವುದು ಹೇಗೆ, 400 ಹರ್ಡಲ್ಸ್‌ನಲ್ಲಿ ಎರಡು ಹರ್ಡಲ್ ನಡುವಿನ ಆ 35 ಮೀಟರಿಗೆ ಎಷ್ಟು ಹೆಜ್ಜೆ ಎಂಬುದೆಲ್ಲ ಗೊತ್ತಿರುವವರಿಗೆ ಮಾತ್ರ ಇದು.

ಮೊದಲು ಬಂಡವಾಳ. ಸಣ್ಣ ವ್ಯಾಪಾರದವರಿಗಾಗಿ ಇರುವ ಕೇಂದ್ರದ ಮುದ್ರಾ ಯೋಜನೆಯ ‘ಕಿಶೋರ್’ ವಿಭಾಗದಲ್ಲಿ 5 ಲಕ್ಷದವರೆಗೆ ಸಾಲ ಸಿಗುತ್ತದೆ. ಅದನ್ನು ಪೂರ್ತಿ ತೆಗೆದೆ, ಕೈಯಿಂದ ಒಂದೂವರೆ ಲಕ್ಷ ಹಾಕಿದೆ. ಅಂಗಡಿಯ ಮುಂಗಡ ಮತ್ತು ಮರಗೆಲಸಕ್ಕೆ ಎರಡು ಲಕ್ಷದ ಹತ್ತಿರ ಹೋಯಿತು. ಉಳಿದದ್ದರಲ್ಲಿ ದೊಡ್ಡ ತಪ್ಪು ಮಾಡಿದೆ. ನನಗೆ ಪ್ರೀತಿ ಇದ್ದ ಸಾಮಾನನ್ನೇ ತಂದು ತುಂಬಿಸಿದೆ: ಸುಮಾರು 70 ಜೊತೆ ಸ್ಪೈಕ್ಸ್ (ಅಡಿಗೆ ಮೊಳೆ ಇರುವ ಓಟದ ಶೂ), ಆರು ಸ್ಟಾರ್ಟಿಂಗ್ ಬ್ಲಾಕ್, ಎರಡು ಜಾವೆಲಿನ್. ವರ್ಷದ ಕೊನೆಗೆ ಹೋದದ್ದು ಹನ್ನೊಂದೋ ಹನ್ನೆರಡೋ ಜೊತೆ. ತಾಲೂಕು ಕೂಟಕ್ಕೆ ಬರುವ ಮಕ್ಕಳಲ್ಲಿ ಹೆಚ್ಚಿನವರು ಬರಿಗಾಲಲ್ಲಿ ಓಡುತ್ತಾರೆ, ಇಲ್ಲವೇ ಅಣ್ಣನ ಸ್ಪೈಕ್ಸ್‌ಗೆ ಹತ್ತಿ ತುರುಕಿಕೊಂಡು ಬರುತ್ತಾರೆ. ಇದು ನಮಗೆಲ್ಲ ಗೊತ್ತು, ಆದರೂ ಅಂಗಡಿ ಇಡುವಾಗ ಮರೆತುಹೋಗುತ್ತದೆ.

ನಮ್ಮ ಕಡೆ ದುಡ್ಡು ತರುವ ಸಾಮಾನೇ ಬೇರೆ. ಶಟಲ್ ಕಾಕ್, ವಾಲಿಬಾಲ್, ಜೂನ್ ತಿಂಗಳ ಬಿಳಿ-ಕಪ್ಪು ಪಿ.ಟಿ. ಶೂ, ಎಲ್ಲಕ್ಕಿಂತ ಹೆಚ್ಚಾಗಿ ನವೆಂಬರ್‌ನಿಂದ ಮೇವರೆಗಿನ ಟೂರ್ನಮೆಂಟುಗಳ ಜೆರ್ಸಿ ಮತ್ತು ಟ್ರೋಫಿ. ಅಂಡರ್ ಆರ್ಮ್ ಕ್ರಿಕೆಟ್, ವಾಲಿಬಾಲ್, ಕಬಡ್ಡಿ, ಹಗ್ಗಜಗ್ಗಾಟ ಎಂದು ಪ್ರತಿ ಶನಿವಾರ ಎಲ್ಲಾದರೂ ಹೊನಲು ಬೆಳಕಿನ ಪಂದ್ಯ ಉಂಟು. ಹಾಗಾಗಿ ಮೂರನೇ ವರ್ಷದಿಂದ ಸ್ಪೈಕ್ಸ್ ಹೇಳಿದರೆ ಮಾತ್ರ ತರಿಸುತ್ತೇನೆ. ಬಾಲ್ ಮತ್ತು ಎಸೆತದ ಸಾಮಾನು ಮೀರತ್, ಜಲಂಧರ್‌ನಿಂದ, ಜೆರ್ಸಿ ತಿರುಪ್ಪೂರಿನಿಂದ. ಸಬ್ಲಿಮೇಶನ್ ಜೆರ್ಸಿ, ಅಂದರೆ ಶಾಖದಿಂದ ಬಟ್ಟೆಯೊಳಗೇ ಬಣ್ಣ ಇಳಿಸಿದ್ದು, ನನಗೆ 200 ರೂಪಾಯಿ ಆಸುಪಾಸಿಗೆ ಬೀಳುತ್ತದೆ, 290ರಿಂದ 330ಕ್ಕೆ ಕೊಡುತ್ತೇನೆ. ಹದಿನೈದು ಜನರ ತಂಡ ಅಂದರೆ ಒಂದೂವರೆ ಸಾವಿರ ಉಳಿತಾಯ.

ಜೆರ್ಸಿಯಲ್ಲಿ ನಾನು ಕಳೆದುಕೊಂಡದ್ದು ನಂಬರ್ ಅಚ್ಚಿನಲ್ಲಿ. ಕೊನೆಯ ದಿನ ಒಬ್ಬ ಆಟಗಾರ ಬದಲಾಗುತ್ತಾನೆ, ಹೆಸರು ಬದಲಿಸಬೇಕು, ತಿರುಪ್ಪೂರಿಗೆ ಕಳಿಸಲು ಸಮಯ ಇರುವುದಿಲ್ಲ. ಅದಕ್ಕೆಂದು 18 ಸಾವಿರದ ಹೀಟ್ ಪ್ರೆಸ್ ತಂದು ಬಿಳಿ ವಿನೈಲ್, ಅಂದರೆ ಬಿಸಿಗೆ ಬಟ್ಟೆಗೆ ಅಂಟುವ ಪ್ಲಾಸ್ಟಿಕ್ ಹಾಳೆ, ಒತ್ತಲು ಶುರು ಮಾಡಿದೆ. ಕೆಂಪು ಜೆರ್ಸಿಯ ಮೇಲೆ ಬಿಳಿ ನಂಬರ್ ರಾತ್ರಿ ಚಂದ ಕಾಣುತ್ತದೆ, ಬೆಳಿಗ್ಗೆ ನೋಡಿದರೆ ಗುಲಾಬಿ. 150-160 ಡಿಗ್ರಿಗೆ ಬಿಸಿಯಾದಾಗ ಪಾಲಿಯೆಸ್ಟರ್ ಬಟ್ಟೆಯೊಳಗಿನ ಸಬ್ಲಿಮೇಶನ್ ಬಣ್ಣ ಮತ್ತೆ ಆವಿಯಾಗಿ ಮೇಲಿನ ವಿನೈಲ್‌ಗೆ ಏರುತ್ತದೆ. ಕೆಂಪು, ಮರೂನ್, ಕಡುನೀಲಿಯಲ್ಲಿ ಇದು ಹೆಚ್ಚು. ಮೂರು ತಂಡದ ಜೆರ್ಸಿ ವಾಪಸ್ ಬಂತು, 14 ಸಾವಿರದಷ್ಟು ಹೋಯಿತು. ಪರಿಹಾರ ಎರಡು: 130 ಡಿಗ್ರಿ ಸುತ್ತಮುತ್ತ ಅಂಟುವ ಕಡಿಮೆ ಶಾಖದ ವಿನೈಲ್, ಅಥವಾ ಬಣ್ಣ ತಡೆಯುವ ಬೂದು ಪದರ ಇರುವ ವಿನೈಲ್. ಮಳೆಗಾಲದಲ್ಲಿ ನಂಬರ್ ಒತ್ತುವ ಮೊದಲು ಬರೀ ಬಟ್ಟೆಯನ್ನು ಐದು ಸೆಕೆಂಡ್ ಒತ್ತಿ ತೇವ ಓಡಿಸಿ, ಇಲ್ಲದಿದ್ದರೆ ಅಂಚು ಏಳುತ್ತದೆ. ಯಾವ ವಿನೈಲ್, ಯಾರಿಂದ ತರಿಸುತ್ತೇನೆ ಎಂಬುದನ್ನು ಮಾತ್ರ ಹೇಳುವುದಿಲ್ಲ. ಎರಡು ಸೀಸನ್ ನಷ್ಟ ಮಾಡಿಕೊಂಡು ಕಂಡುಕೊಂಡದ್ದು ಅದು.

ಇನ್ನೊಂದು ಪೆಟ್ಟು ಶೂಗಳ ಅಡಿಭಾಗದ್ದು, ಅಂದರೆ ಸೋಲ್‌ನದು. 2020ರಲ್ಲಿ ಎಲ್ಲ ಮುಚ್ಚಿದಾಗ ಸುಮಾರು 90 ಜೊತೆ ರನ್ನಿಂಗ್ ಶೂ ಪೆಟ್ಟಿಗೆಯಲ್ಲೇ ಉಳಿಯಿತು. ಎರಡು ಮಳೆಗಾಲ ಕಳೆದು ತೆಗೆದರೆ ಮೇಲೆ ಹೊಸ ಶೂ, ಒತ್ತಿದರೆ ಸೋಲು ಒಣಗಿದ ರೊಟ್ಟಿಯ ಹಾಗೆ ಪುಡಿ. ಪಿಯು (ಪಾಲಿಯುರೆಥೇನ್) ಸೋಲು ಗಾಳಿಯ ತೇವವನ್ನು ಹೀರಿಕೊಂಡು ಒಳಗಿಂದಲೇ ಒಡೆಯುತ್ತದೆ, ಬಳಸದೆ ಇಟ್ಟರೂ ಅಷ್ಟೇ. ಇವಿಎ ಎಂಬ ಇನ್ನೊಂದು ಬಗೆಯ ಫೋಮಿನ ಸೋಲಿಗೆ ಈ ರೋಗ ಇಲ್ಲ. ಕರಾವಳಿಯಲ್ಲಿ ಪಿಯು ಸೋಲಿನ ಸ್ಟಾಕ್ ಒಂದು ಮಳೆಗಾಲ ದಾಟಬಾರದು, ಮೇ ಕೊನೆಗೆ ಅಸಲಿಗಾದರೂ ಮಾರಿಬಿಡಿ. ಸ್ಪೈಕ್ಸ್ ಮೊಳೆಗಳನ್ನು ಹೊಲಿಗೆ ಯಂತ್ರದ ಎಣ್ಣೆ ಸವರಿ ಡಬ್ಬಿಯಲ್ಲಿಡಿ, ಉಪ್ಪುಗಾಳಿಗೆ ಒಂದೇ ತಿಂಗಳಲ್ಲಿ ತುಕ್ಕು ಹತ್ತಿ ಶೂಗೆ ಕಚ್ಚಿಕೊಳ್ಳುತ್ತವೆ.

ಸಾಲದ ವಿಷಯ ಚುಟುಕಾಗಿ: ‘ಟೂರ್ನಮೆಂಟ್ ಮುಗಿದ ಮೇಲೆ ಕೊಡ್ತೇವೆ’ ಎಂದವರ ಬಾಕಿ ಒಮ್ಮೆ 1 ಲಕ್ಷ 80 ಸಾವಿರ ಆಗಿತ್ತು, ಅರ್ಧವೂ ಬರಲಿಲ್ಲ. ಸಂಘಟಕರು ಕೆಟ್ಟವರಲ್ಲ, ಪ್ರಾಯೋಜಕರು ಕೊಟ್ಟರೆ ತಾನೇ ಅವರು ಕೊಡುವುದು. ಈಗ ಅರ್ಧ ಮುಂಗಡ, ಉಳಿದದ್ದು ಜೆರ್ಸಿ ಕೈಗೆ ಕೊಡುವಾಗ. ಟ್ರೋಫಿ ಪಂದ್ಯದ ಹಿಂದಿನ ದಿನ, ಪೂರ್ತಿ ಹಣಕ್ಕೆ. ಈ ನಿಯಮಕ್ಕೆ ಹತ್ತು ಗಿರಾಕಿ ಹೋದರು, ಏಳು ಮಂದಿ ಮರಳಿ ಬಂದರು.

ಇನ್ನು ಕೋಚಿಂಗ್. ಶುರು ಮಾಡುವ ಮೊದಲು ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ (ಎನ್‌ಐಎಸ್) ಆರು ವಾರಗಳ ಸರ್ಟಿಫಿಕೇಟ್ ಕೋರ್ಸ್ ಮಾಡಿ. ಅಲ್ಲಿ ಕಲಿಯುವುದು ಒಂದು, ಹೆತ್ತವರಿಗೂ ಶಾಲೆಗೂ ತೋರಿಸಲು ಕಾಗದ ಸಿಗುವುದು ಇನ್ನೊಂದು. ರಾಜ್ಯಮಟ್ಟದ ಪದಕದ ಹೆಸರು ಊರಲ್ಲಿ ಮೂರು ವರ್ಷ ಬಾಳಿದರೆ ಹೆಚ್ಚು. ಮೈದಾನ ಬಳಸಲು ಅನುಮತಿ ಲಿಖಿತವಾಗಿ ಕೈಗೆ ಬರುವವರೆಗೆ ಯಾರಿಂದಲೂ ಫೀಸ್ ತೆಗೆದುಕೊಳ್ಳಬೇಡಿ.

ನನ್ನ ಮೊದಲ ಬ್ಯಾಚು ‘ಒಂದು ತಿಂಗಳು ಉಚಿತ’. 43 ಮಕ್ಕಳು ಬಂದರು, ಫೀಸ್ ಶುರುವಾದಾಗ ಉಳಿದದ್ದು ಆರು. ಮರುವರ್ಷ ಮೂರು ತಿಂಗಳಿಗೆ 1,500 ಎಂದು ಮೊದಲೇ ತೆಗೆದುಕೊಂಡೆ, 19 ಮಂದಿ ಬಂದರು, 16 ಮಂದಿ ಉಳಿದರು. ಕೊಡಲಾಗದವರಿಗೆ ಫೀಸ್ ಬೇಡವೆಂದು ಹೆತ್ತವರನ್ನು ಪ್ರತ್ಯೇಕ ಕರೆದು ಹೇಳುತ್ತೇನೆ. ಬ್ಯಾಚಿನಲ್ಲಿ ಮೂರಕ್ಕೊಬ್ಬರು ಹಾಗೆ ಇದ್ದಾರೆ, ಅದು ನಡೆಯಬೇಕು ಎಂದೇ ಇಡೀ ಲೆಕ್ಕ ಹಾಕಿದ್ದು.

ಆ ಲೆಕ್ಕ ಕೂಡಿಬಂದದ್ದು ಪೊಲೀಸ್ ದೈಹಿಕ ಪರೀಕ್ಷೆಯ ಬ್ಯಾಚಿನಿಂದ. ಕಾನ್‌ಸ್ಟೇಬಲ್ ಹುದ್ದೆಗೆ ಗಂಡಸರಿಗೆ 1,600 ಮೀಟರ್ 6 ನಿಮಿಷ 30 ಸೆಕೆಂಡಿನಲ್ಲಿ, ಉದ್ದಜಿಗಿತ 3.80 ಮೀಟರ್ ಅಥವಾ ಎತ್ತರಜಿಗಿತ 1.20, 7.26 ಕೆ.ಜಿ. ಗುಂಡು 5.60 ಮೀಟರ್. ಹೆಂಗಸರಿಗೆ 400 ಮೀಟರ್ 2 ನಿಮಿಷದಲ್ಲಿ. ಪ್ರತಿ ಅಧಿಸೂಚನೆಯನ್ನೂ ಹೊಸದಾಗಿ ಓದಿ. ಆರೂವರೆ ನಿಮಿಷ ಅಂದರೆ 400 ಮೀಟರಿನ ಒಂದೊಂದು ಸುತ್ತಿಗೆ ತೊಂಬತ್ತೇಳೂವರೆ ಸೆಕೆಂಡ್. ಬರುವ ಹುಡುಗರೆಲ್ಲ ಮೊದಲ ಸುತ್ತು 75ರಲ್ಲಿ ಓಡಿ ಮೂರನೆಯದರಲ್ಲಿ ನಡೆಯುತ್ತಾರೆ. ಅವರಿಗೆ ಕಲಿಸಬೇಕಾದದ್ದು ವೇಗವಲ್ಲ, ಮೊದಲ ಸುತ್ತಿನ ತಾಳ್ಮೆ: 95, 98, 98, ಕೊನೆಗೆ ಉಳಿದದ್ದೆಲ್ಲ. ಏಳು ನಿಮಿಷದವನಿಗೆ ವಾರಕ್ಕೊಮ್ಮೆ 400 ಮೀಟರ್ 94 ಸೆಕೆಂಡಿನಂತೆ ಎಂಟು ಸಲ, ನಡುವೆ 90 ಸೆಕೆಂಡ್ ವಿಶ್ರಾಂತಿ. ವಾರಕ್ಕೊಮ್ಮೆ 35 ನಿಮಿಷ ನಿಧಾನ ಓಟ, ಒಂದು ದಿನ ಮಣಿಪಾಲದ ಏರಿನಲ್ಲಿ 60 ಮೀಟರ್ ಹತ್ತು ಸಲ. ಹತ್ತು ವಾರಕ್ಕೆ ಹೆಚ್ಚಿನವರು 6:20ರ ಒಳಗೆ ಬರುತ್ತಾರೆ. ಬಾರದವರಲ್ಲಿ ಹೆಚ್ಚಿನವರದ್ದು ಮಂಡಿಯ ಕೆಳಗೆ ಮುಂಗಾಲ ಎಲುಬಿನ ನೋವು, ಕ್ಯಾನ್ವಾಸ್ ಶೂ ಹಾಕಿ ಕಾಂಕ್ರೀಟ್ ರಸ್ತೆಯಲ್ಲಿ ದಿನಾ ಓಡಿದ್ದರ ಫಲ. ಹುಡುಗಿಯರು ದಿಢೀರನೆ ನಿಧಾನವಾದರೆ ಮೊದಲು ಹಿಮೋಗ್ಲೋಬಿನ್ ನೋಡಿಸಿ, ಆಮೇಲೆ ತಾಲೀಮು ಬದಲಿಸಿ.

ಈ ಬ್ಯಾಚಿಗೆ ತಲಾ 1,200 ತಿಂಗಳಿಗೆ, ಸಾಮಾನ್ಯವಾಗಿ 20-25 ಮಂದಿ. ಏಪ್ರಿಲ್-ಮೇಯ ಬೇಸಿಗೆ ಶಿಬಿರದಿಂದ ಇನ್ನೊಂದು 50 ಸಾವಿರ. ಮಕ್ಕಳ ಬ್ಯಾಚಿನ ಬಸ್ಸು, ಕೂಟದ ಊಟ, ಸಹಾಯಕನ ಸಂಬಳ ಎಲ್ಲ ಇದರಲ್ಲೇ.

ಎರಡು ಡಬ್ಬಿ ಎಂದದ್ದು ಇದಕ್ಕೆ. ಅಂಗಡಿಯ ಹಣ ಒಂದು ಖಾತೆ, ಕೋಚಿಂಗಿನದು ಇನ್ನೊಂದು, ಒಂದರಿಂದ ಇನ್ನೊಂದಕ್ಕೆ ಹತ್ತು ರೂಪಾಯಿ ಹೋಗಬಾರದು. ಮೊದಲ ವರ್ಷಗಳಲ್ಲಿ ಫೀಸ್ ದುಡ್ಡಿನಲ್ಲಿ ಶಟಲ್ ಕಾಕ್ ತಂದೆ, ಜೆರ್ಸಿ ಲಾಭದಲ್ಲಿ ಮಕ್ಕಳನ್ನು ಕೂಟಕ್ಕೆ ಕರೆದೊಯ್ದೆ. ಯಾವುದು ಗೆಲ್ಲುತ್ತಿದೆ, ಯಾವುದು ಸೋಲುತ್ತಿದೆ ಎಂದೇ ತಿಳಿಯಲಿಲ್ಲ, ಮಂಡೆಬಿಸಿ ಮಾತ್ರ ಉಳಿಯಿತು. ಹಾಗೆಯೇ ಬ್ಯಾಚಿನ ಮಕ್ಕಳಿಗೆ ‘ನಮ್ಮ ಅಂಗಡಿಯಲ್ಲೇ ತೆಗೆದುಕೊಳ್ಳಿ’ ಎನ್ನಬಾರದು. ಒಮ್ಮೆ ಅಂದೆ, ನಾಲ್ಕು ಮನೆಯವರು ಮಕ್ಕಳನ್ನು ಬಿಡಿಸಿಕೊಂಡರು. ಅವರದು ತಪ್ಪೆಂದು ನನಗೆ ಅನಿಸುವುದಿಲ್ಲ.

ಟೈಮಿಂಗ್ ವಿಷಯದಲ್ಲಿ ಹೆತ್ತವರಿಗೆ ನಿಜ ಹೇಳಿ. ಕೈಯಲ್ಲಿ ಸ್ಟಾಪ್‌ವಾಚ್ ಒತ್ತಿ ಅಳೆದ 100 ಮೀಟರಿಗೆ 0.24 ಸೆಕೆಂಡ್, 400ಕ್ಕೆ 0.14 ಸೇರಿಸಿದ ಮೇಲೆಯೇ ನಾನು ಪುಸ್ತಕದಲ್ಲಿ ಬರೆಯುವುದು. ಹಾಗೆ ಮಾಡದಿದ್ದರೆ ರಾಜ್ಯಕೂಟದಲ್ಲಿ ಎಲೆಕ್ಟ್ರಾನಿಕ್ ಟೈಮಿಂಗ್ ಬಂದ ದಿನ ಮಗು ತಾನು ನಿಧಾನವಾದೆ ಎಂದು ಅಳುತ್ತದೆ. 2014ರ ಇಂಚಿಯಾನ್ ಏಷ್ಯನ್ ಗೇಮ್ಸ್‌ನ 4x400 ಮೀಟರ್ ರಿಲೇ ಚಿನ್ನದಲ್ಲಿ ಓಡಿದ ಪೂವಮ್ಮ ಮಂಗಳೂರಿನವರು ಎಂಬ ಕಾರಣಕ್ಕೆ ಹನ್ನೊಂದರ ಹುಡುಗಿಯನ್ನೂ 400ಕ್ಕೇ ಹಾಕಿ ಎನ್ನುವವರಿದ್ದಾರೆ. ಹದಿಮೂರರವರೆಗೆ ನನ್ನಲ್ಲಿ 400 ಇಲ್ಲ, ಸ್ಪೈಕ್ಸೂ ಇಲ್ಲ. ಕುಪ್ಪಳಿಕೆ, 60 ಮೀಟರ್, ಎಸೆತ, ಆಟ, ಅಷ್ಟೇ. ಎತ್ತರಜಿಗಿತಕ್ಕೆ ಮಾತ್ರ ಆಸೆ ಉಂಟು. 2012ರಲ್ಲಿ 1.92 ಮೀಟರ್ ಹಾರಿ ಲಂಡನ್ ಒಲಿಂಪಿಕ್ಸಿಗೆ ಹೋದ ಸಹನಾ ಕುಮಾರಿ ನಮ್ಮ ಕರಾವಳಿಯವರೇ. ಆದರೆ ಸ್ಪಂಜಿನ ಮ್ಯಾಟು ಮಳೆಗಾಲದಲ್ಲಿ ಎಲ್ಲಿಡುವುದೆಂದು ಇನ್ನೂ ದಾರಿ ಕಾಣಲಿಲ್ಲ.

ಮಲ್ಪೆಯ ಮರಳಿನಲ್ಲೂ ಒಂದು ವರ್ಷ ಪ್ರಯೋಗ ಮಾಡಿದೆ. ಒಣ ಮರಳಿನಲ್ಲಿ ಮಕ್ಕಳ ಹಿಮ್ಮಡಿ ನರ ನೋಯುತ್ತದೆ, ಅದು ಬೇಡವೇ ಬೇಡ. ಇಳಿತದ ಹೊತ್ತಿನ ಗಟ್ಟಿ ಒದ್ದೆ ಮರಳು ಚೆನ್ನ, ಆದರೆ ಇಳಿತ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ, ಹದಿನೈದು ದಿನದಲ್ಲಿ ನಾಲ್ಕೈದು ಬೆಳಿಗ್ಗೆ ಮಾತ್ರ ಹೊಂದುತ್ತದೆ. ದಡ ಕಡಲ ಕಡೆಗೆ ವಾಲಿರುವುದರಿಂದ ಹೋದಷ್ಟೇ ದೂರ ಮರಳಿ ಓಡಲೇಬೇಕು. ಒಂದೇ ದಿಕ್ಕಿಗೆ ಓಡಿಸಿದ ವಾರ ಐವರಿಗೆ ಒಂದೇ ಬದಿಯ ಮಂಡಿ ನೋವು ಬಂತು.

ಬದಲಾವಣೆ ಮನಸ್ಸಿಗೆ ಒಗ್ಗಿದ್ದು ಯಾವಾಗ ಎಂದು ಆ ಇಬ್ಬರು ಕೇಳಿದ್ದರು. ಬ್ಯಾಚಿನ ಹೊತ್ತಿನಲ್ಲಿ ಓಡುವುದನ್ನು ನಿಲ್ಲಿಸಿದಾಗ. ಮೊದಲೆಲ್ಲ ಹುಡುಗರ ಜೊತೆ 300 ಓಡಿ ಗೆದ್ದು ತೋರಿಸುತ್ತಿದ್ದೆ. ಅದರಿಂದ ಅವರು ಕಲಿತದ್ದು ಏನೂ ಇಲ್ಲ, ನನ್ನ ತೊಡೆ ಎರಡು ಸಲ ಎಳೆಯಿತು, ಓಡುತ್ತಿದ್ದರೆ ಅವರ ಕಾಲು ನೋಡುವುದು ಹೇಗೆ? ಈಗ ನನ್ನ ಓಟ ಸಂಜೆ, ಒಬ್ಬನೇ, ಗಡಿಯಾರ ಇಲ್ಲದೆ. ಬೆಳಿಗ್ಗೆ ಮೂರನೇ ಹರ್ಡಲ್ ಪಕ್ಕ ನಿಂತು ಒಂದು ಹುಡುಗಿ ಹದಿನೇಳು ಹೆಜ್ಜೆಯಲ್ಲಿ ಬಂದದ್ದು ಕಂಡರೆ ನನಗೆ ಅಂದಿನ ಪದಕಕ್ಕಿಂತ ಹೆಚ್ಚು ಖುಷಿ.

ಹರ್ಡಲ್ ಎಂದಾಗ ನೆನಪಾಯಿತು. ಕಲಿಕೆಗೆ ಒಂದು ಇಂಚಿನ ಪಿವಿಸಿ ಪೈಪಿನಲ್ಲಿ ಮಾಡಿಕೊಳ್ಳಿ, ಒಂದಕ್ಕೆ 250 ರೂಪಾಯಿ ಸಾಕು. ಅಡ್ಡಪಟ್ಟಿಯನ್ನು ಅಂಟಿಸಬೇಡಿ, ಬಡಿದರೆ ಬಿದ್ದುಹೋಗಬೇಕು. ಕಾಲಿನ ಪೈಪಿಗೆ ಮರಳು ತುಂಬಿ ಮುಚ್ಚಳ ಹಾಕಿ. ಬಿಸಿಲಿಗೆ ಬಿಟ್ಟರೆ ಬರಬರುತ್ತಾ ಪೈಪು ಗಡುಸಾಗಿ ಚೂಪಾಗಿ ಒಡೆಯುತ್ತದೆ. ಆದ್ದರಿಂದ ಬ್ಯಾಚು ಮುಗಿದ ಕೂಡಲೇ ನೆರಳಿಗೆ ಒಯ್ಯುವ ಕೆಲಸವನ್ನು ಆ ದಿನ ಕೊನೆಗೆ ಬಂದವನಿಗೆ ಕೊಡಿ.